ಪ್ರಾಕ್ಕಿಶೋರರಿಗೆ ಮಾತ್ರ

ಗ್ರಂಥಾಲಯದ ಗುಮಾಸ್ತರಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಊರ ಉಸಾಬರಿಯೂ ಇಲ್ಲ. ಇದ್ದದ್ದು ಒಂದೇ ಚಟ. ಸಣ್ಣ ಪದದಲ್ಲಿ ಮುಗಿಯುವ ಕೆಲಸಕ್ಕೆ ದೊಡ್ಡ ಪದ ಹುಡುಕಿ ತರುವುದು. ನಲ್ಲಿಗೆ 'ನೀರಿಲ್ಲ' ಎಂದು ಚೀಟಿ ಅಂಟಿಸಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು. ಗುಮಾಸ್ತರು 'ಜಲಪೂರೈಕೆಯು ತಾತ್ಕಾಲಿಕವಾಗಿ ಸ್ಥಗಿತಗೊಂಡಿರುತ್ತದೆಯೆಂದು ಈ ಮೂಲಕ ತಿಳಿಯಪಡಿಸಲಾಗಿದೆ' ಎಂದು ಬರೆಯುತ್ತಿದ್ದರು. ಅದನ್ನು ಓದಿ ಮುಗಿಸುವಷ್ಟರಲ್ಲಿ ನೀರು ಬಂದುಬಿಡುತ್ತಿತ್ತು. ಮನೆಯಲ್ಲೂ ಅದೇ ಕಥೆ. ಅಂಗಡಿಯ ಚೀಟಿಯಲ್ಲಿ ಹಲ್ಲುಪುಡಿ ಎನ್ನುವ ಬದಲು 'ದಂತಚೂರ್ಣ' ಎಂದು ಬರೆದು, ಅಂಗಡಿಯವನು ಯೋಚಿಸಿ ಯೋಚಿಸಿ ಇಲಿ ಪಾಷಾಣ ಕೊಟ್ಟು ಕಳಿಸಿದ ಮೇಲೆ, ಚೀಟಿ ಬರೆಯುವ ಅಧಿಕಾರವನ್ನು ಹೆಂಡತಿ ಅವರಿಂದ ಕಿತ್ತುಕೊಂಡಿದ್ದಳು. ಮನೆಯಲ್ಲಿ ಅಡಗಿಸಿದ ಚಟ ಆಫೀಸಿನಲ್ಲಿ ಎರಡರಷ್ಟಾಗಿ ಬೆಳೆಯಿತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಗ್ರಂಥಾಲಯವೆಂದರೆ ಕೆಳಗೊಂದು ಮಕ್ಕಳ ಕೋಣೆ, ಮೇಲೊಂದು ದೊಡ್ಡವರ ಹಾಲ್, ನಡುವೆ ಇಪ್ಪತ್ತೆರಡು ಮೆಟ್ಟಿಲು. ಮಕ್ಕಳ ಕೋಣೆಯ ಬೆಂಚುಗಳು ಮೊಣಕಾಲಿನಷ್ಟೂ ಎತ್ತರವಿಲ್ಲ. ಪುಸ್ತಕಗಳಲ್ಲೆಲ್ಲ ಪುಟಕ್ಕೊಂದು ಬಾತುಕೋಳಿ. ಮೇಲಿನ ಹಾಲ್‌ಗೆ ಹೋಗಬೇಕಾದರೆ ಹದಿಮೂರು ತುಂಬಿರಬೇಕು. ಗುಮಾಸ್ತರ ಮಗಳಿಗೆ ಹನ್ನೊಂದು ವರ್ಷ ನಾಲ್ಕು ತಿಂಗಳು. ಕೈಕಾಲು ಮಾತ್ರ ಯಾರನ್ನೂ ಕೇಳದೆ ಉದ್ದವಾಗಿಬಿಟ್ಟಿದ್ದವು. ಕೆಳಗಿನ ಬೆಂಚಿನಲ್ಲಿ ಕೂತರೆ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಮೇಲೆ ಹೋದರೆ ಅಟೆಂಡರ್ ಬಾಗಿಲಲ್ಲೇ ತಡೆಯುತ್ತಿದ್ದ. ಹಾಗಾಗಿ ಶಾಲೆ ಬಿಟ್ಟ ಮೇಲೆ ಅವಳೂ ಅವಳಂಥ ಹತ್ತು ಹದಿನೈದು ಮಕ್ಕಳೂ ಮೆಟ್ಟಿಲ ಮೇಲೆ ಸಾಲಾಗಿ ಕೂತು ಓದುತ್ತಿದ್ದರು. ಹತ್ತಿ ಇಳಿಯುವವರು ಅವರ ಬೆರಳು ತುಳಿಯದಂತೆ ಕಾಲೆತ್ತಿ ಇಡಬೇಕಾಗಿತ್ತು.

"ಅಪ್ಪಾ, ನಮಗೆ ಎಲ್ಲೂ ಜಾಗ ಇಲ್ಲ," ಎಂದು ಮಗಳು ಒಂದು ದಿನ ಊಟಕ್ಕೆ ಕೂತಾಗ ಹೇಳಿದಳು. "ಕೆಳಗೆ ಹೋದ್ರೆ ಬಾತುಕೋಳಿ, ಮೇಲೆ ಹೋದ್ರೆ ಬೈಗುಳ. ನೀನು ಅಲ್ಲೇ ಕೆಲಸ ಮಾಡ್ತೀಯಲ್ಲ, ಒಂದು ರೂಮ್ ಕೊಡ್ಸೋಕಾಗಲ್ವಾ?"

ಮಗಳು ಬಾಯಿಬಿಟ್ಟು ಏನನ್ನಾದರೂ ಕೇಳುವುದು ಅಪರೂಪ. ಗುಮಾಸ್ತರು ಅರ್ಜಿ ಬರೆದರು. ಗ್ರಂಥಪಾಲಕಿ ಮೇಡಂ ಒಳ್ಳೆಯವರು, ಅದನ್ನು ತಮ್ಮ ಭಾಷೆಗೆ ತಿದ್ದಿ ವಲಯಾಧಿಕಾರಿಗಳಿಗೆ ಕಳಿಸಿದರು. ಮಂಜೂರಾಗಿಯೇ ಬಿಟ್ಟಿತು! ಮೆಟ್ಟಿಲ ನಡುವಿನ ತಿರುವಿನಲ್ಲಿದ್ದ ಹಳೆಯ ಟೈಪಿಂಗ್ ಕೋಣೆ, ಒಂದು ತಿಂಗಳ ಮಟ್ಟಿಗೆ. ತಿಂಗಳ ಕೊನೆಗೆ ಅಧಿಕಾರಿಗಳು ತಪಾಸಣೆಗೆ ಬಂದಾಗ ಕನಿಷ್ಠ ಹದಿನೈದು ಮಂದಿ ಓದುಗರು ಹಾಜರಿರಬೇಕು. ಇಲ್ಲದಿದ್ದರೆ ಕೋಣೆ ಮುರಿದ ಕುರ್ಚಿಗಳನ್ನು ತುಂಬಲು ವಾಪಸ್. ಮೇಡಂ ಹೊಸ ಫ್ಯಾನ್ ಹಾಕಿಸಿದರು, ಅಗಲವಾದ ಬೆಂಚು ತರಿಸಿದರು, ಒಂದು ತಿಂಗಳ ತರಬೇತಿಗೆ ಬೇರೆ ಊರಿಗೆ ಹೊರಡುವಾಗ ಚೀಲ ಹೆಗಲಿಗೇರಿಸಿಕೊಂಡೇ ಹೇಳಿದರು:

"ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅಂತ ಒಂದು ಬೋರ್ಡ್ ಬರೆಸಿ ಹಾಕಿಬಿಡಿ. ಅಷ್ಟೇ."

ಆ 'ಅಷ್ಟೇ' ಎಂಬುದನ್ನು ಗುಮಾಸ್ತರಿಗೆ ಸಹಿಸಲಾಗಲಿಲ್ಲ. ಇಷ್ಟು ಕಷ್ಟಪಟ್ಟು ಕೋಣೆ ಬಂದಿದೆ, ಫ್ಯಾನ್ ಬಂದಿದೆ, ಬಾಗಿಲ ಮೇಲೆ ಮಾತ್ರ ಬಸ್ ಟಿಕೆಟ್ಟಿನ ಭಾಷೆಯೇ? ಅವರು ಕಪಾಟಿನಿಂದ ಆಡಳಿತದ ದಪ್ಪ ಪದಕೋಶ ಇಳಿಸಿದರು. ಬೆನ್ನು ಕಿತ್ತುಹೋದ ಆ ಪುಸ್ತಕವನ್ನು ಮಗುವನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಹಿಡಿದು ಮಧ್ಯಾಹ್ನವೆಲ್ಲ ತಿರುವಿದರು. ಕೊನೆಗೆ ಒಂದು ಪುಟದಲ್ಲಿ ಅವರ ಬೆರಳು ನಿಂತಿತು. ಮುಖ ಅರಳಿತು. ಹದಿಹರೆಯಕ್ಕೆ ಕಾಲಿಡುವ ಮುಂಚಿನ ಮಕ್ಕಳಿಗೆ ಒಂದು ಪದವಿತ್ತು. ಅದೂ ಎಂಥ ಪದ!

ಮರುದಿನ ಬೋರ್ಡ್ ಬರೆಯುವವನು ಆ ಚೀಟಿಯನ್ನು ಮೂರು ಸಲ ಓದಿಕೊಂಡು ಕೇಳಿದ:

"ಯಾರು ಸಾರ್ ಇವರು? ಇದ್ದಾರಾ, ಹೋಗಿಬಿಟ್ರಾ?"

"ಬರೆಯಪ್ಪ ಸುಮ್ಮನೆ."

ಅವನು ಯಾವುದಕ್ಕೂ ಇರಲಿ ಎಂದು ಸುತ್ತಲೂ ಒಂದು ಹೂವಿನ ಹಾರ ಬಿಡಿಸಿದ. ಬೋರ್ಡ್ ಹೀಗಿತ್ತು: 'ಪ್ರಾಕ್ಕಿಶೋರರ ವಾಚನ ಕೊಠಡಿ. ಪ್ರಾಕ್ಕಿಶೋರರಲ್ಲದವರಿಗೆ ಪ್ರವೇಶವಿಲ್ಲ.' ಗುಮಾಸ್ತರು ಅದನ್ನು ದಾಸ್ತಾನು ಪುಸ್ತಕದಲ್ಲಿ 'ಫಲಕ ಒಂದು' ಎಂದು ನಮೂದಿಸಿದರು. ಅಲ್ಲಿ ಒಮ್ಮೆ ಏರಿದ ವಸ್ತುವನ್ನು ಮೇಡಂ ಸಹಿಯಿಲ್ಲದೆ ಮೊಳೆಯಿಂದ ಇಳಿಸುವಂತಿಲ್ಲ. ಆಮೇಲೆ ಅಟೆಂಡರ್ ಕೈಗೆ ಲಿಖಿತ ಆದೇಶವನ್ನೂ ಕೊಟ್ಟರು: 'ಪ್ರಾಕ್ಕಿಶೋರರೆಂದು ಖಚಿತಪಡದ ಯಾವ ವ್ಯಕ್ತಿಯನ್ನೂ ಒಳಗೆ ಬಿಡತಕ್ಕದ್ದಲ್ಲ.' ಪದಕೋಶದ ಬೆನ್ನು ಪೂರ್ತಿ ಕಳಚಿದ್ದರಿಂದ ಅದನ್ನು ಬೈಂಡಿಂಗ್‌ಗೆ ಕಳಿಸಿ, ಕೈ ತೊಳೆದುಕೊಂಡು, ತಮ್ಮ ಮೇಜಿನ ಹಿಂದೆ ಕೂತು ಕಾದರು. ಯಾರಾದರೂ ಬಂದು 'ಹಾಗಂದರೇನು ಸಾರ್?' ಎಂದು ಕೇಳಬೇಕು, ತಾವು ಕನ್ನಡಕ ಸರಿಮಾಡಿಕೊಂಡು ವಿವರಿಸಬೇಕು.

ಒಬ್ಬರೂ ಕೇಳಲಿಲ್ಲ. ದೊಡ್ಡವರ ಹಾಲ್‌ಗೆ ಹೋಗುವವರೆಲ್ಲ ಬೋರ್ಡಿನ ಮುಂದೆ ನಿಂತರು, ಓದಿದರು, ಪಕ್ಕದವರು ನೋಡುತ್ತಿದ್ದಾರೆಂದು ತಿಳಿದ ಕೂಡಲೇ ತಲೆಯಾಡಿಸಿ ಮುಂದೆ ಹೋದರು. ತನಗೆ ಗೊತ್ತಿಲ್ಲ ಎಂದು ಮೊದಲು ಒಪ್ಪಿಕೊಳ್ಳುವ ಗಂಡಸು ಆ ಊರಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

ಕೇಳಿದ್ದು ಮಕ್ಕಳು. ಕೇಳಿದ್ದೇ ತಪ್ಪಾಯಿತು. ಸಂಜೆ ಮಗಳು ಗೆಳತಿಯರನ್ನು ಕಟ್ಟಿಕೊಂಡು ಕೋಣೆಯ ಬಾಗಿಲಿಗೆ ಬಂದಾಗ ಅಟೆಂಡರ್ ಅಡ್ಡ ನಿಂತ.

"ನೀವು ಪ್ರಾಕ್ಕಿಶೋರರಾ?"

"ಹಾಗಂದ್ರೇನು?"

"ಹಾಗಂದ್ರೇನು ಅಂತ ಕೇಳೋರು ಅದಾಗಿರೋಕೆ ಸಾಧ್ಯ ಇಲ್ಲ. ನಡೀರಿ, ನಡೀರಿ."

ಮಗಳು ದಾಪುಗಾಲಿಟ್ಟು ಅಪ್ಪನ ಮೇಜಿಗೆ ಬಂದಳು. ಗುಮಾಸ್ತರು ಅರ್ಥ ಹೇಳಿದರು. ಇಷ್ಟೇನಾ ಎಂಬಂತೆ ಅವಳು ನೋಡಿದಳು. ಇಬ್ಬರೂ ಅಟೆಂಡರ್ ಬಳಿಗೆ ಹೋದರು.

"ಬಿಡಪ್ಪ, ಇವಳು ನನ್ನ ಮಗಳು. ಪ್ರಾಕ್ಕಿಶೋರಿಯೇ."

"ಇರಬಹುದು ಸಾರ್. ಪ್ರೂಫ್ ಕೊಡಿ."

"ನಾನೇ ಹೇಳ್ತಿದ್ದೀನಲ್ಲ!"

"ಹೋದ ವರ್ಷ ಕಾರ್ಡ್ ಇಲ್ದೆ ಒಬ್ಬರನ್ನ ಬಿಟ್ಟೆ ಅಂತ ನಂಗೆ ಮೆಮೊ ಕೊಟ್ಟೋರು ಯಾರು ಸಾರ್? ನೀವೇ. 'ಬಾಯಿಮಾತನ್ನು ನಂಬತಕ್ಕದ್ದಲ್ಲ' ಅಂತ ಬರೆದಿದ್ರಿ. ಫ್ರೇಮ್ ಹಾಕಿ ಇಟ್ಕೊಂಡಿದ್ದೀನಿ. ಶಾಲೆಯಿಂದ ಒಂದು ಸರ್ಟಿಫಿಕೇಟ್ ತಂದುಬಿಡ್ಲಿ, ನಾನೇ ಬಾಗಿಲು ತೆಗೀತೀನಿ."

ತಮ್ಮದೇ ವಾಕ್ಯ ತಿರುಗಿ ಬಂದು ಎದೆಗೆ ಬಡಿದಾಗ ಗುಮಾಸ್ತರಿಗೆ ಸಿಟ್ಟಿಗಿಂತ ಹೆಚ್ಚಾಗಿ ಅಭಿಮಾನವೇ ಉಕ್ಕಿತು. ವಾಕ್ಯ ಗಟ್ಟಿಯಾಗಿತ್ತು. ಒಂದು ಸರ್ಟಿಫಿಕೇಟ್ ತಾನೇ ಎಂದುಕೊಂಡು ಮರುದಿನ ಶಾಲೆಗೆ ಹೋದರು.

ಮುಖ್ಯೋಪಾಧ್ಯಾಯಿನಿ ಅರ್ಜಿಯನ್ನು ಓದಿದರು. ಮೊದಲ ಸಲ ಕನ್ನಡಕ ಹಾಕಿಕೊಂಡು, ಎರಡನೆಯ ಸಲ ತೆಗೆದು. ಆಮೇಲೆ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

"ಯಾವಾಗಿಂದ ಇದು?" ಎಂದು ದನಿ ತಗ್ಗಿಸಿ ಕೇಳಿದರು.

"ಎರಡು ವರ್ಷ ಆಯ್ತು ಮೇಡಂ. ಒಂಬತ್ತು ತುಂಬಿದಾಗಿಂದ."

"ಎರಡು ವರ್ಷ! ಅಡ್ಮಿಷನ್ ಫಾರಂನಲ್ಲಿ ಯಾಕೆ ಬರೀಲಿಲ್ಲ ನೀವು?"

"ಅದರಲ್ಲಿ ಬರೆಯೋದೇನಿದೆ ಮೇಡಂ, ನಿಮ್ಮ ಶಾಲೇಲಿ ಅರ್ಧಕ್ಕರ್ಧ ಮಕ್ಕಳು ಅದೇ."

ಆ ಮಹಾತಾಯಿ ಕುರ್ಚಿಯ ಕೈ ಹಿಡಿದುಕೊಂಡರು. "ನೋಡಿ, ನನ್ನ ಶಾಲೆಯಲ್ಲಿ ಅಂಥೋರು ಒಬ್ಬರೂ ಇಲ್ಲ. ಹೊರಗೆಲ್ಲೂ ಈ ಮಾತು ಆಡಬೇಡಿ. ಸರ್ಟಿಫಿಕೇಟೂ ಇಲ್ಲ, ಗಿರ್ಟಿಫಿಕೇಟೂ ಇಲ್ಲ." ಗುಮಾಸ್ತರು ವಯಸ್ಸು, ಹದಿಹರೆಯ ಎಂದೆಲ್ಲ ತೊದಲುವಷ್ಟರಲ್ಲಿ ಬಾಗಿಲು ತೆರೆದಿತ್ತು, ಅವರು ಹೊರಗಿದ್ದರು.

ಮುಚ್ಚಿದ ಬಾಗಿಲ ಹಿಂದೆ ಆಡಿದ ಮಾತು ತೆರೆದ ಬಾಗಿಲಿನ ಮಾತಿಗಿಂತ ಬೇಗ ಊರು ಸುತ್ತುತ್ತದೆ. ಗುಮಾಸ್ತರು ಮನೆ ತಲುಪುವ ಮೊದಲೇ ಪಕ್ಕದ ಮನೆಯಾಕೆ ಅವರ ಅಡುಗೆಮನೆಯಲ್ಲಿ ಬಿಸಿ ಗಂಜಿಯ ಪಾತ್ರೆಯೊಂದಿಗೆ ನಿಂತಿದ್ದಳು.

"ಎಷ್ಟು ಚೆನ್ನಾಗಿ ಓಡಾಡ್ಕೊಂಡಿತ್ತು ಮಗು," ಎಂದು ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಯಾರ ಕಣ್ಣು ಬಿತ್ತೋ. ಡಾಕ್ಟರ್ ಏನಂದ್ರು?"

ಹೆಂಡತಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಇಂಥ ಯಾವುದೇ ಗೊಂದಲದ ಬೇರು ಎಲ್ಲಿರುತ್ತದೆಂದು ಹದಿನಾಲ್ಕು ವರ್ಷದ ಸಂಸಾರದಲ್ಲಿ ತಿಳಿದಿದ್ದಳು. ಒಳಬಂದ ಗಂಡನ ಕಡೆ ಒಂದು ನೋಟ ಬೀರಿದಳು, ಅಷ್ಟೇ.

ಉತ್ತರ ಕೊಟ್ಟವಳು ಮಗಳು. "ಔಷಧಿ ಇಲ್ಲವಂತೆ ಆಂಟಿ. ಹದಿಮೂರು ತುಂಬಿದ ದಿನ ತಾನಾಗೇ ಹೋಗುತ್ತಂತೆ."

"ಅಯ್ಯೋ ಕಂದಾ, ಅಲ್ಲೀವರೆಗೂ ತಡ್ಕೋಬೇಕಾ!"

"ಹೂಂ ಆಂಟಿ. ನಿಮ್ಮ ಮಗನಿಗೂ ಬರುತ್ತೆ. ಮುಂದಿನ ವಾರ ಅವನಿಗೆ ಒಂಬತ್ತು ತುಂಬುತ್ತಲ್ಲ, ಆಗ ಗೊತ್ತಾಗುತ್ತೆ."

ಆಕೆ ಗಂಜಿಯ ಪಾತ್ರೆಯನ್ನು ಅಲ್ಲೇ ಬಿಟ್ಟು ಓಡಿದಳು. ಮರುದಿನದಿಂದ ಆ ಬೀದಿಯ ತಾಯಂದಿರು ತಮ್ಮ ಮಕ್ಕಳ ನಾಲಿಗೆ ನೋಡತೊಡಗಿದರು.

ಇತ್ತ ಗ್ರಂಥಾಲಯದಲ್ಲಿ ಇನ್ನೊಂದು ಕಥೆ ನಡೆದಿತ್ತು. ದೊಡ್ಡವರ ಹಾಲ್‌ನಲ್ಲಿ ನಿವೃತ್ತ ಸರ್ವೇಯರ್ ಒಬ್ಬರಿದ್ದರು, ಅರವತ್ತೆಂಟು ವರ್ಷ. ದಿನಾ ಬೆಳಿಗ್ಗೆ ಮೊದಲು ಬಂದು ಪೇಪರನ್ನು ವಶಪಡಿಸಿಕೊಂಡು, ಸಾವಿನ ಸುದ್ದಿಗಳನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳುತ್ತಿದ್ದವರು. ಹಾಲ್‌ನ ಫ್ಯಾನ್ ಕೈಕೊಟ್ಟು ಮೂರು ತಿಂಗಳಾಗಿತ್ತು. ತಿರುವಿನ ಕೋಣೆಯಲ್ಲಿ ಹೊಸ ಫ್ಯಾನ್ ಯಾರಿಗೂ ಇಲ್ಲದೆ ತಿರುಗುತ್ತಿರುವುದನ್ನು ಅವರು ಎರಡು ದಿನ ನೋಡಿದರು. ಮೂರನೆಯ ದಿನ ನೇರ ಬಾಗಿಲಿಗೆ ನಡೆದರು.

"ನೀವು ಪ್ರಾಕ್ಕಿಶೋರರಾ ಸಾರ್?" ಅಟೆಂಡರ್ ಕೇಳಿದ.

"ಅಲ್ದೆ ಇನ್ನೇನು? ನೋಡಿದ್ರೆ ಗೊತ್ತಾಗಲ್ವಾ?"

ಅಟೆಂಡರ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಆ ಪದ ಅಂಥವರಿಗೇ ಹೊಂದುವಂತಿತ್ತು. ಪ್ರೂಫ್ ಕೇಳುವುದನ್ನೂ ಮರೆತು ಬಾಗಿಲು ತೆರೆದ. ವಾರ ಮುಗಿಯುವಷ್ಟರಲ್ಲಿ ಪ್ರಾಕ್ಕಿಶೋರರ ಸಂಖ್ಯೆ ಇಪ್ಪತ್ತೆರಡಕ್ಕೆ ಏರಿತ್ತು. ಅವರಲ್ಲಿ ಕಿರಿಯರಿಗೆ ಅರವತ್ತೊಂದು. ಒಳಗೆ ಫ್ಯಾನಿನ ಕೆಳಗೆ ಇಪ್ಪತ್ತೆರಡು ಜನ ಹಿರಿಯರು ಕಾಲು ಚಾಚಿ ಕೂತಿದ್ದರೆ, ಹೊರಗೆ ಮೆಟ್ಟಿಲ ಮೇಲೆ ಮಕ್ಕಳು ಮಂಡಿ ಮಡಚಿಕೊಂಡು ಕೂತಿದ್ದರು.

"ಅಪ್ಪಾ," ಎಂದಳು ಮಗಳು ಅಂದು ಸಂಜೆ, "ನೀನು ರೂಮ್ ಕೇಳಿದ್ದು ನಮಗಾ, ತಾತಂದಿರಿಗಾ?"

ಅಂದಿನಿಂದ ಅವಳು ಅಪ್ಪನೊಡನೆ ಮಾತು ಬಿಟ್ಟಳು. ಜಗಳವಿಲ್ಲ, ಅಳುವಿಲ್ಲ, ಬರೀ ಮಾತಿಲ್ಲ. ಏನಾದರೂ ಬೇಕಾದರೆ "ಅಮ್ಮಾ, ಇವರಿಗೆ ಹೇಳು, ಉಪ್ಪು ಈ ಕಡೆ ಸರಿಸಲಿ," ಎನ್ನುವಳು. ಗ್ರಂಥಾಲಯದಿಂದ ಮನೆಗೆ ಬರುವಾಗ ಮೊದಲು ಪಕ್ಕದಲ್ಲಿ ನಡೆಯುತ್ತಿದ್ದವಳು ಈಗ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಅವಳ ಜಡೆಯ ತುದಿಯನ್ನು ನೋಡುತ್ತ ಗುಮಾಸ್ತರು ಹಿಂದೆ ನಡೆಯುತ್ತಿದ್ದರು.

ಅವರು ಧೈರ್ಯ ಮಾಡಿ ಕೋಣೆಗೆ ಹೋಗಿ ಸರ್ವೇಯರರ ಮುಂದೆ ನಿಂತರು.

"ಸಾರ್, ತಪ್ಪು ತಿಳೀಬೇಡಿ. ಪ್ರಾಕ್ಕಿಶೋರರು ಅಂದ್ರೆ ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳು."

ಸರ್ವೇಯರ್ ಪೇಪರ್ ಮಡಚಿದರು. ಸುತ್ತಲಿನ ಇಪ್ಪತ್ತೊಂದು ಪೇಪರುಗಳೂ ಮಡಚಿಕೊಂಡವು.

"ಮಕ್ಕಳಿಗೆ ಮಕ್ಕಳು ಅಂತ ಪದ ಇದೆ ಅಲ್ವೇನ್ರೀ?"

"ಇದೆ ಸಾರ್."

"ಎಲ್ಲರಿಗೂ ಅರ್ಥ ಆಗುತ್ತೆ ಅಲ್ವಾ?"

"ಆಗುತ್ತೆ ಸಾರ್."

"ಅದಿರೋವಾಗ, ತಲೆ ಸರಿ ಇರೋ ಯಾವನಾದ್ರೂ ಮಕ್ಕಳ ರೂಮಿಗೆ ಪ್ರಾಕ್ಕಿಶೋರ ಅಂತ ಬೋರ್ಡ್ ಹಾಕ್ತಾನಾ?"

ಗುಮಾಸ್ತರು ಬಾಗಿಲ ಮೇಲಿನ ಬೋರ್ಡಿನ ಕಡೆ ತಿರುಗಿ ನೋಡಿದರು.

"ಬಾಲ್ಯ ಬೇರೆ, ಕೈಶೋರ್ಯ ಬೇರೆ, ಅನುಭವ ಬೇರೆ," ಎಂದು ಹಿಂದಿನ ಬೆಂಚಿನಿಂದ ಇನ್ನೊಬ್ಬ ಹಿರಿಯರು ಸೇರಿಸಿದರು. ಅದರ ಅರ್ಥ ಯಾರಿಗೂ ಆಗಲಿಲ್ಲವಾದ್ದರಿಂದ ಎಲ್ಲರೂ ಭೇಷ್ ಎಂದರು. "ಪುಸ್ತಕದಲ್ಲಿ ತೋರಿಸ್ರೀ, ಈಗಲೇ ಎದ್ದು ಹೋಗ್ತೀವಿ," ಎಂದರು ಸರ್ವೇಯರ್.

ಗುಮಾಸ್ತರು ಬೈಂಡಿಂಗ್ ಅಂಗಡಿಗೆ ಓಡಿದರು. ಓಡುತ್ತ ಓಡುತ್ತ ಅವರಿಗೊಂದು ಭಯಂಕರ ಸಂಶಯ ಹುಟ್ಟಿತು. ಆ ಪುಟದಲ್ಲಿ ಎರಡು ಅಂಕಣಗಳಿದ್ದವು. ಎಡಗಡೆ ಪದ, ಬಲಗಡೆ ಅರ್ಥ. ತಮ್ಮ ಬೆರಳು ನಿಂತದ್ದು ಸರಿಯಾದ ಸಾಲಿನ ಮೇಲೆಯೇ? ಒಂದು ಸಾಲು ಮೇಲೆ, ಒಂದು ಸಾಲು ಕೆಳಗೆ ಜಾರಿರಬಹುದಲ್ಲ? ಇಪ್ಪತ್ತೆರಡು ಜನ ನೌಕರಿ ಮಾಡಿ ನಿವೃತ್ತರಾದವರು ಒಂದು ಕಡೆ, ಒಬ್ಬರು ಮುಖ್ಯೋಪಾಧ್ಯಾಯಿನಿ ಇನ್ನೊಂದು ಕಡೆ, ಇಡೀ ಬೀದಿ ಮತ್ತೊಂದು ಕಡೆ. ಇಷ್ಟು ಜನ ತಪ್ಪಿ, ತಾನೊಬ್ಬನೇ ಸರಿಯಿರಲು ಸಾಧ್ಯವೇ? ಇಲಿ ಪಾಷಾಣದ ನೆನಪೂ ಆಗಬಾರದ ಹೊತ್ತಿನಲ್ಲೇ ಆಯಿತು.

ಬೈಂಡರ್ ಗೋಂದು ಹತ್ತಿದ ಕೈಯಲ್ಲಿ ಒಂದು ಮೂಲೆ ತೋರಿಸಿದ. ದೊಡ್ಡ ಕಬ್ಬಿಣದ ಒತ್ತುಯಂತ್ರದಲ್ಲಿ ಪದಕೋಶ ಬಿಗಿಯಾಗಿ ಸಿಕ್ಕಿಕೊಂಡಿತ್ತು.

"ಒಂದೇ ಒಂದು ಪುಟ ನೋಡ್ಬೇಕಿತ್ತು. 'ಪ' ಅಕ್ಷರ."

"ಈಗ ತಿರುಪು ಸಡಿಲಿಸಿದ್ರೆ ಬೆನ್ನು ಹೋಗುತ್ತೆ ಸಾರ್. ಗುರುವಾರ ಬನ್ನಿ, ಎಲ್ಲಾ ಅಕ್ಷರಾನೂ ನೋಡ್ಕೊಳ್ಳಿ."

"ಬುಧವಾರ ತಪಾಸಣೆ ಕಣಪ್ಪ!"

"ಗೋಂದಿಗೆ ಅದು ಗೊತ್ತಾಗಲ್ಲ ಸಾರ್."

ಮೇಡಂಗೆ ಫೋನ್ ಮಾಡಬಹುದಿತ್ತು. ಎರಡು ಸಲ ನಂಬರ್ ಒತ್ತಿಯೂ ಒತ್ತಿದರು. ಆದರೆ ಏನೆಂದು ಹೇಳುವುದು? 'ಮೇಡಂ, ನಾನೊಂದು ಪದ ಬರೆಸಿದ್ದೇನೆ, ಅದರ ಅರ್ಥ ನನಗೇ ಖಾತ್ರಿಯಿಲ್ಲ' ಎಂದೇ? ಆ ಕಡೆ ಗಂಟೆ ಬಾರಿಸುವ ಮೊದಲೇ ಫೋನ್ ಇಟ್ಟರು. ಆ ದಿನಗಳಲ್ಲಿ ಯಾರು ಏನು ಕೇಳಿದರೂ ಅವರು "ಇರಬಹುದು" ಎನ್ನುತ್ತಿದ್ದರು. ಊಟ ಆಯ್ತಾ ಎಂದರೂ ಇರಬಹುದು.

ಬುಧವಾರ ಸಂಜೆ ನಾಲ್ಕೂವರೆಗೆ ವಲಯಾಧಿಕಾರಿಗಳು ಬಂದರು. ಕೋಣೆ ಮಂಜೂರು ಮಾಡಿದವರು ವರ್ಗವಾಗಿ ಹೋಗಿದ್ದರು, ಇವರು ಹೊಸಬರು. ದಪ್ಪ ಮೀಸೆ, ಕೈಯಲ್ಲಿ ತಪಾಸಣಾ ಪುಸ್ತಕ, ಜೇಬಿನಲ್ಲಿ ಹಸಿರು ಶಾಯಿಯ ಪೆನ್ನು. ಮೆಟ್ಟಿಲ ಮೇಲಿನ ಮಕ್ಕಳನ್ನು ದಾಟಿಕೊಂಡು ತಿರುವಿಗೆ ಬಂದು ಬೋರ್ಡಿನ ಮುಂದೆ ನಿಂತರು. ಅವರ ತುಟಿ ಒಂದು ಸಲ ಅಲುಗಿತು, ಇನ್ನೊಂದು ಸಲ ಅಲುಗಿತು. ಅವರ ಹಿಂದೆ ನಿಂತ ಗುಮಾಸ್ತರಿಗೆ ಒಂದು ಆಸೆ ಚಿಗುರಿತು: ಸಾಹೇಬರು ಓದಿದವರು, ಇವರಾದರೂ ಅರ್ಥ ಹೇಳಿಯಾರು.

"ಹೂಂ," ಎಂದರು ಸಾಹೇಬರು. "ಬಹಳ ಅಗತ್ಯ ಇತ್ತು."

ಒಳಗೆ ಇಪ್ಪತ್ತೆರಡು ಜನ ಎದ್ದು ನಿಂತರು. ಸಾಹೇಬರು ಹಾಜರಿ ನೋಡಿದರು, ಫ್ಯಾನ್ ನೋಡಿದರು, ತೃಪ್ತರಾದರು. ಎಲ್ಲರಿಗಿಂತ ಮುಂದೆ ನಿಂತ ಸರ್ವೇಯರ್ ಕಡೆ ತಿರುಗಿದರು.

"ತಾವು ಎಷ್ಟು ವರ್ಷದಿಂದ ಪ್ರಾಕ್ಕಿಶೋರರು?"

"ಹುಟ್ಟಿನಿಂದಲೇ ಸಾರ್."

"ಸಂತೋಷ. ಇಂಥೋರು ಈಗ ಕಮ್ಮಿಯಾಗ್ತಿದ್ದಾರೆ." ಸಾಹೇಬರು ಅಲ್ಲೇ ನಿಂತು ಹಸಿರು ಶಾಯಿಯಲ್ಲಿ ಬರೆದು ಗಟ್ಟಿಯಾಗಿ ಓದಿದರು: "'ಕೊಠಡಿಯ ಪ್ರಾಕ್ಕಿಶೋರರ ಶಿಸ್ತು ಮೆಚ್ಚತಕ್ಕದ್ದು. ವಿಶೇಷವಾಗಿ ನಿವೃತ್ತ ಸರ್ವೇಯರ್‌ರವರು ಮಾದರಿ ಪ್ರಾಕ್ಕಿಶೋರರಾಗಿದ್ದು, ಇತರರು ಅನುಸರಿಸತಕ್ಕದ್ದು.' ಕೊಠಡಿ ಕಾಯಂ ಮಾಡೋಣ. ಆಮೇಲೆ ಇನ್ನೊಂದು ವಿಷಯ. ಹೊರಗೆ ಮೆಟ್ಟಿಲ ಮೇಲೆ ಮಕ್ಕಳು ಕೂತಿದ್ದಾರೆ, ಓಡಾಡೋಕೆ ಅಡ್ಡಿ. ನಾಳೆಯಿಂದ ಅಲ್ಲಿ ಯಾರೂ ಕೂರಕೂಡದು."

ಬಾಗಿಲು ತೆರೆದಿತ್ತು. ಹೊರಗೆ ಎಲ್ಲರಿಗೂ ಕೇಳಿಸಿತ್ತು. ಗುಮಾಸ್ತರು ನೋಡಿದರು. ಮಗಳು ಪುಟಕ್ಕೆ ಗುರುತು ಇಟ್ಟು, ಪುಸ್ತಕ ಮುಚ್ಚಿ, ಲಂಗದ ಧೂಳು ಕೊಡವಿಕೊಂಡು ಎದ್ದು ನಿಂತಳು. ಅಪ್ಪನ ಕಡೆ ನೋಡಲಿಲ್ಲ. ಇದೂ ಹೋಗುತ್ತದೆಂದು ಅವಳಿಗೆ ಮೊದಲೇ ಗೊತ್ತಿದ್ದಂತಿತ್ತು.

ಗುಮಾಸ್ತರು ಸಾಹೇಬರ ಎದುರಿಗೆ ಬಂದು ನಿಂತರು. ಬಾಯಿ ತೆರೆದರು. 'ಈ ಮೂಲಕ' ಬರಲಿಲ್ಲ, 'ಬಿನ್ನವಿಸಿಕೊಳ್ಳುವುದೇನೆಂದರೆ' ಬರಲಿಲ್ಲ. ಬಂದದ್ದು ಇಷ್ಟು:

"ಸಾರ್, ಇದು ಅವರ ರೂಮು."

"ಯಾರ ರೂಮು?"

"ಆ ಮಕ್ಕಳದ್ದು. ಅವರು ಚಿಕ್ಕೋರೂ ಅಲ್ಲ, ದೊಡ್ಡೋರೂ ಅಲ್ಲ. ಕೆಳಗೆ ಕೂರೋಕೆ ಕಾಲು ಹಿಡಿಸಲ್ಲ, ಮೇಲೆ ಬಿಡಲ್ಲ. ಅವರಿಗೆ ಅಂತಾನೇ ಕೇಳಿ ತಗೊಂಡಿದ್ದು. ಬೋರ್ಡಲ್ಲಿರೋ ಪದ ಅವರದೇ. ಇರಬಹುದು. ಅಲ್ಲದೆ ಹೋದ್ರೂ ರೂಮು ಅವರದೇ ಸಾರ್. ತಪ್ಪು ನಂದು. ನಾನು ಸುಮ್ಮನೆ ಮಕ್ಕಳು ಅಂತ ಬರೆಸ್ಬೇಕಿತ್ತು."

ಸಾಹೇಬರ ಮುಖ ಕೆಂಪಾಯಿತು, ಆಮೇಲೆ ಬಿಳಿಯಾಯಿತು, ಆಮೇಲೆ ಮೀಸೆಯ ಕೆಳಗೆ ಒಂದು ನಗು ಬಲವಂತವಾಗಿ ಮೂಡಿತು.

"ನನಗೆ ಗೊತ್ತಿಲ್ಲ ಅಂದ್ಕೊಂಡ್ರೇನ್ರೀ? ನೀವು ಬಾಯಿಬಿಡ್ತೀರೋ ಇಲ್ವೋ ಅಂತ ನೋಡ್ತಿದ್ದೆ!"

"ನಮಗೂ ಗೊತ್ತಿತ್ತು," ಎಂದರು ಹಿಂದಿನ ಬೆಂಚಿನ ಹಿರಿಯರು ಥಟ್ಟನೆ. "ಫ್ಯಾನ್ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡೋಕೆ ಕೂತಿದ್ವಿ." ಒಬ್ಬೊಬ್ಬರೇ ಪೇಪರ್ ಕಂಕುಳಲ್ಲಿ ಇಟ್ಟುಕೊಂಡು, ತಮಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಹೊರಗೆ ನಡೆದರು. ಅಟೆಂಡರ್ ಯಾರನ್ನೂ ಏನನ್ನೂ ಕೇಳದೆ, ಮಕ್ಕಳಿಗೆ ಬಾಗಿಲು ಬಿಟ್ಟು ಸರಿದು ನಿಂತ. ಅವರು ಸಾಲಾಗಿ ಬಂದು ಬೆಂಚುಗಳ ಮೇಲೆ ಕೂತರು. ಕಾಲು ಕೆಳಗೆ ಬಿಟ್ಟು ಕೂತರು. ಯಾರ ಮಂಡಿಯೂ ಯಾರ ಗಲ್ಲಕ್ಕೂ ತಾಗಲಿಲ್ಲ.

ಸಾಹೇಬರು ಬೆರಳು ಮಾಡಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಹದಿನಾಲ್ಕು. ಹದಿನೈದು ಬೇಕು ಅಂತ ಆದೇಶದಲ್ಲಿದೆ."

ಗುಮಾಸ್ತರು ಮೆಟ್ಟಿಲ ತುದಿಯವರೆಗೆ ಓಡಿ ನೋಡಿ ಬಂದರು. ಹದಿನೈದನೆಯ ಮಗು ಎಲ್ಲೂ ಇರಲಿಲ್ಲ. ಪಕ್ಕದ ಮನೆಯವರು ತಮ್ಮ ಮಗನನ್ನು ಹೊರಗೆ ಬಿಡುವುದನ್ನೇ ನಿಲ್ಲಿಸಿದ್ದರು. ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಸಾರ್," ಎಂದ ಅಟೆಂಡರ್, ಗೋಡೆಗೆ ಅಂಟಿಕೊಂಡು. ಸರ್ವೇಯರ್ ಹೊರಗೆ ಹೋಗದೆ ಮೂಲೆಯ ಬೆಂಚಿನಲ್ಲಿ ಮತ್ತೆ ಕೂತುಬಿಟ್ಟಿದ್ದರು. "ಇವರದ್ದು ಬರವಣಿಗೇಲಿ ಇದೆ ಸಾರ್."

ಎಲ್ಲರೂ ತಪಾಸಣಾ ಪುಸ್ತಕ ನೋಡಿದರು. ಹಸಿರು ಶಾಯಿ ಒಣಗಿತ್ತು. ಪುಟಗಳಿಗೆ ಅಚ್ಚಿನ ಸಂಖ್ಯೆಯಿತ್ತು. ಹರಿಯುವಂತಿಲ್ಲ. ಹೊಡೆದುಹಾಕಿದರೆ ಯಾಕೆ ಹೊಡೆದುಹಾಕಿದಿರಿ ಎಂದು ಮೇಲಿನವರು ಕೇಳುತ್ತಾರೆ. ಅದಕ್ಕೆ ಉತ್ತರ ಬರೆಯಬೇಕಾದರೆ ತಮಗೆ ಯಾವ ಪದದ ಅರ್ಥ ಗೊತ್ತಿರಲಿಲ್ಲ ಎಂಬುದನ್ನೂ ಬರೆಯಬೇಕಾಗುತ್ತದೆ. ಸಾಹೇಬರು ಬಹಳ ಹೊತ್ತು ಮೀಸೆ ನೀವಿದರು.

"ಹದಿನೈದು," ಎಂದರು ಕೊನೆಗೆ. "ಆದ್ರೆ ನೀವು ದಿನಾ ಬರ್ಬೇಕಾಗುತ್ತೆ. ಒಂದು ದಿನ ತಪ್ಪಿದ್ರೂ ಲೆಕ್ಕ ತಪ್ಪುತ್ತೆ."

"ದಿನಾನಾ?" ಸರ್ವೇಯರ್ ಮುಖ ಗಂಟಿಕ್ಕಿಕೊಂಡರು. ಅವರ ದನಿಯಲ್ಲಿ ಮಾತ್ರ ಸಂತೋಷ ಸೋರುತ್ತಿತ್ತು. "ಮನೇಲಿ ನೂರೆಂಟು ಕೆಲಸ ಇದೆ. ಹೋಗ್ಲಿ ಬಿಡಿ, ಮಕ್ಕಳಿಗೋಸ್ಕರ."

"ಪೇಪರ್ ಗಟ್ಟಿಯಾಗಿ ಓದೋ ಹಾಗಿಲ್ಲ," ಎಂದಳು ಮಗಳು.

"ಸತ್ತೋರದ್ದೂ ಓದೋ ಹಾಗಿಲ್ವಾ?"

"ಇಲ್ಲ."

ಸರ್ವೇಯರ್ ಸ್ವಲ್ಪ ಯೋಚಿಸಿ ಒಪ್ಪಿಕೊಂಡರು.

ಆರು ಗಂಟೆಗೆ ಗ್ರಂಥಾಲಯ ಮುಚ್ಚಿತು. ಗುಮಾಸ್ತರು ಬೀಗ ಹಾಕಿ ಬೀದಿಗಿಳಿದಾಗ ಮಗಳು ಎಂದಿನಂತೆ ಹತ್ತು ಹೆಜ್ಜೆ ಮುಂದೆ ಹೊರಟಿದ್ದಳು. ಅವರು ಕರೆಯಲಿಲ್ಲ. ಕರೆಯಲು ಯಾವ ಪದ ಬಳಸಬೇಕೆಂದೇ ಅವರಿಗೆ ಹೊಳೆಯಲಿಲ್ಲ. ಗೊತ್ತಿದ್ದ ಪದಗಳ ಮೇಲೆಲ್ಲ ಆ ಹೊತ್ತಿನಲ್ಲಿ ಅವರಿಗೆ ನಂಬಿಕೆ ಹೋಗಿತ್ತು. ಸೈಕಲ್ ರಿಪೇರಿ ಅಂಗಡಿ ದಾಟಿತು, ಔಷಧಿ ಅಂಗಡಿ ದಾಟಿತು. ತಿರುವಿನಲ್ಲಿ ಅವಳು ನಿಂತಳು. ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು. ಪಟ್ಟಿ ಸರಿಯಾಗಿಯೇ ಇತ್ತು. ಅಪ್ಪ ಹತ್ತಿರ ಬರುವವರೆಗೂ ಬಗ್ಗಿಯೇ ಇದ್ದು, ಆಮೇಲೆ ಎದ್ದು ಅವರ ಪಕ್ಕದಲ್ಲಿ ನಡೆಯತೊಡಗಿದಳು.

"ಅಪ್ಪಾ," ಎಂದಳು, "ನಾಳೆ ಶಾಲೆ ಬಿಟ್ಟ ತಕ್ಷಣ ನನ್ನ ಕರ್ಕೊಂಡು ಹೋಗು. ತಡ ಆದ್ರೆ ಕಿಟಕಿ ಪಕ್ಕದ ಜಾಗ ಆ ತಾತ ಹಿಡ್ಕೊಂಡುಬಿಡ್ತಾರೆ."